ಕಲ್ಲಹಳ್ಳಿಯಿಂದ ವಿಧಾನಸೌಧಕ್ಕೆ

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟು ಸುಮಾರು 28 ಮೈಲಿ ಸಾಗಿದರೆ ಲಕ್ಷ್ಮಣತೀರ್ಥದ ದಂಡೆಯ ಮೇಲೆ ಹುಣಸೂರು ಸಿಕ್ಕುತ್ತದೆ. ಅದೇ ದಾರಿಯಲ್ಲಿ ಇನ್ನೂ ಮುಂದೆ, ಕೊಡಗಿನ ಗಡಿಗೆ ಹತ್ತಿರವಾಗಿ, ಪಿರಿಯಾಪಟ್ಟಣ. ಉತ್ತರಕ್ಕೆ ಕಾವೇರಿಯ ತೀರದಲ್ಲಿ, ಹಳೆಯ ಎಡತೊರೆಯ ಮಗ್ಗುಲಿಗೆ ಹೊಸದಾಗಿ ಗೆರೆ ಎಳೆದು ಕಟ್ಟಿದ ಕೃಷ್ಣರಾಜನಗರ. ದಕ್ಷಿಣಕ್ಕೆ ಕಪಿಲೆಯ ಕಾಡುಗಳ ಅಂಚಿನಲ್ಲಿ ಹೆಗ್ಗಡದೇವನಕೋಟೆ. ಈ ನಾಲ್ಕೂ ತಾಲ್ಲೂಕುಗಳನ್ನು ಮೈಸೂರಿನ ಪೇಟೆಯ ಜನ ಬಹುಕಾಲ ಒಂದೇ ಸೀಮೆಯೆಂದು ಎಣಿಸಿದರು. ಅಮೃತಮಹಲ್ ದನಗಳು, ಕಂಬಳಿ, ಹದಮಾಡಿದ ಚರ್ಮ, ಮರ, ರಾಗಿ ಇವು ಅಲ್ಲಿಂದ ಬರುವ ಪದಾರ್ಥಗಳು. ಇಲ್ಲಿಂದ ಅಲ್ಲಿಗೆ ಹೋಗುವವರು ಹೆಚ್ಚಾಗಿ ವರ್ಗವಾದ ಅಧಿಕಾರಿಗಳು. ಹೆಗ್ಗಡದೇವನಕೋಟೆಗೆ ವರ್ಗವಾಯಿತೆಂದರೆ ಮನೆಯವರು ಕ್ವಿನೈನ್ ಗುಳಿಗೆಯನ್ನು ಮೊದಲು ಕಟ್ಟಿಕೊಡುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದುದುಂಟು. ಚಳಿಜ್ವರ ಆ ಸೀಮೆಯ ಮನೆಯ ನೆಂಟನಂತೆ ವರ್ಷವರ್ಷವೂ ಬಂದು ಹೋಗುತ್ತಿತ್ತು. ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳನ್ನು ಕಾಣದೆ ಯಾವ ಹಳ್ಳಿಯನ್ನೂ ದಾಟುವಂತಿರಲಿಲ್ಲ.

ಇಂಥ ನಾಡಿನಲ್ಲಿ ಜನರು ನಂಬುವ ಮನುಷ್ಯ ಯಾರು? ಮದ್ದು ಕೊಡುವವನು. ಪಟೇಲನಿಗೆ ಅಂಜುತ್ತಾರೆ, ಶಾನುಭೋಗನನ್ನು ಓಲೈಸುತ್ತಾರೆ. ರಾತ್ರಿ ಹೊತ್ತಿನಲ್ಲಿ ಬಾಗಿಲು ತಟ್ಟುವುದು ಮಾತ್ರ ವೈದ್ಯನ ಮನೆಯದು. ಆತನು ನಾಟಿಮದ್ದಿನವನೇ ಆಗಿರಲಿ, ತಾಲ್ಲೂಕು ಡಿಸ್ಪೆನ್ಸರಿಯ ಎಲ್.ಎಂ.ಪಿ. ಡಾಕ್ಟರೇ ಆಗಿರಲಿ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಮೇಲೆ ಯಾರ ಸಾಲ ಎಷ್ಟಿದೆ, ಯಾರ ಗದ್ದೆ ಯಾರ ಕೈಯಲ್ಲಿ ಸಿಕ್ಕಿದೆ ಎಂಬುದೆಲ್ಲ ಆತನಿಗೆ ತಿಳಿದಿರುತ್ತದೆ. ಆದಕಾರಣವೇ ನಮ್ಮ ನಾಡಿನಲ್ಲಿ ಔಷಧಶಾಲೆಯಿಂದ ಶಾಸನಸಭೆಗೆ ಹೋದ ದಾರಿ ಅಪರಿಚಿತವಾದದ್ದಲ್ಲ. ಅಮೆರಿಕೆಯಲ್ಲಿ ಆರೋಗ್ಯಶಾಸ್ತ್ರವನ್ನು ಕಲಿತು ಬಂದ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನೀ ಸೇವಾದಳವನ್ನು ಕಟ್ಟಿದರು. 1952ರ ತರುವಾಯ ರಾಜ್ಯಸಭೆಯಲ್ಲಿ ಕುಳಿತರು. ಉಡುಪಿಯ ಡಾಕ್ಟರ್ ವಿ. ಎಸ್. ಆಚಾರ್ಯರು 1968ರಲ್ಲಿ ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿ, ಮುಂದೆ ರಾಜ್ಯದ ಸಚಿವರಾಗಿ, 2012ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು.

ಆದರೆ ನಾವು ಇಂದು ಹೇಳಹೊರಟ ಸೀಮೆಯಲ್ಲಿ ಜನರ ನಾಡಿಯನ್ನು ಹಿಡಿದು ನೋಡಿದವನು ಒಬ್ಬ ಬೇಸಾಯಗಾರ. ಆತನಿಗೆ ವೈದ್ಯಶಾಸ್ತ್ರದ ಪದವಿ ಇರಲಿಲ್ಲ. ವಿಜ್ಞಾನದ ಪದವಿ ಇತ್ತು, ಅದನ್ನು ಮಡಿಸಿಟ್ಟು ನೇಗಿಲು ಹಿಡಿದಿದ್ದನು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರ ಹೆಸರು ಕೇಳದವರು ಈ ಶ್ರೋತೃಗಳಲ್ಲಿ ಯಾರೂ ಇರಲಾರರು. ಹೆಸರು ಹೀಗೆ ಹೆಚ್ಚಾಗಿ ಕೇಳಿಬರುವುದರಿಂದಲೇ ಮನುಷ್ಯನು ಮರೆಯಾಗುವ ಭಯವುಂಟು. ರಸ್ತೆಗೆ, ಭವನಕ್ಕೆ, ನಿಗಮಕ್ಕೆ ಹೆಸರಿಟ್ಟ ಮೇಲೆ ಆ ಹೆಸರಿನವನು ಏನು ಮಾಡಿದನೆಂದು ವಿಚಾರಿಸುವ ಶ್ರಮವನ್ನು ನಾವು ತೆಗೆದುಕೊಳ್ಳುವುದಿಲ್ಲ.

ಅರಸರು ಹುಟ್ಟಿದ್ದು 1915ನೆಯ ಆಗಸ್ಟ್ 20ರಂದು. ಅರಸು ಎಂಬುದು ಮೈಸೂರಿನ ರಾಜಮನೆತನಕ್ಕೆ ಬಾಂಧವ್ಯದಿಂದ ಸೇರಿದ ಜನಾಂಗದ ಹೆಸರು. ಅರಮನೆಯ ನೆಂಟಸ್ತಿಕೆಯೆಂದರೆ ಐಶ್ವರ್ಯವೆಂದು ದೂರದವರು ಭಾವಿಸಬಹುದು. ಕಲ್ಲಹಳ್ಳಿಯಂಥ ಊರುಗಳ ಅರಸು ಮನೆತನಗಳಿಗೆ ಇದ್ದುದು ಮುಖ್ಯವಾಗಿ ಮಾನ, ಒಂದಿಷ್ಟು ಭೂಮಿ, ಮತ್ತು ದಸರೆಯಲ್ಲಿ ಪೇಟ ಸುತ್ತಿಕೊಂಡು ದರ್ಬಾರಿಗೆ ಹೋಗುವ ಹಕ್ಕು. ಜನಸಂಖ್ಯೆಯಲ್ಲಿ ಈ ಜನಾಂಗವು ಅತ್ಯಲ್ಪ. ಇದನ್ನು ನಾವು ಮೊದಲೇ ಹೇಳುತ್ತಿರುವುದಕ್ಕೆ ಕಾರಣವುಂಟು: ಜಾತಿಯ ತಲೆಯೆಣಿಕೆಯೇ ರಾಜಕಾರಣದ ಗಣಿತವಾಗಿ ಹೋದ ಒಂದು ನಾಡಿನಲ್ಲಿ, ಎಣಿಕೆಗೆ ಸಿಕ್ಕದಷ್ಟು ಸಣ್ಣ ಜನಾಂಗದವನೊಬ್ಬನು ಏಳು ವರ್ಷಕ್ಕೂ ಹೆಚ್ಚು ಕಾಲ ರಾಜ್ಯವಾಳಿದ್ದು ಹೇಗೆಂಬುದೇ ಈ ಕಥೆಯ ಗಂಟು.

ಬಾಲಕನು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿದನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿದನು. ಆ ಕಾಲದಲ್ಲಿ ಪದವೀಧರನಾದವನು ಅಠಾರಾ ಕಚೇರಿಯ ಮೆಟ್ಟಿಲು ಹತ್ತುವುದು ರೂಢಿ. ಅರಸು ಕುಲದವನಿಗಂತೂ ಅರಮನೆಯ ಇಲಾಖೆಗಳಲ್ಲಿ ಒಂದು ಜಾಗ ಹೇಗಾದರೂ ದೊರಕುತ್ತಿತ್ತು. ಈತನು ಊರಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತನು. ತಮ್ಮನಾದ ಕೆಂಪರಾಜನು ನಾಟಕ, ಚಲನಚಿತ್ರಗಳ ಕಡೆಗೆ ತಿರುಗಿ ಕನ್ನಡದ ಆರಂಭಕಾಲದ ನಟರಲ್ಲಿಯೂ ನಿರ್ಮಾಪಕರಲ್ಲಿಯೂ ಹೆಸರಾದನು. ಅಣ್ಣನಿಗೆ ಕುಸ್ತಿಯ ಹುಚ್ಚು, ಪುಸ್ತಕದ ಹುಚ್ಚು. ಗರಡಿಮನೆಯ ಮಣ್ಣನ್ನೂ ಗ್ರಂಥಭಂಡಾರದ ಧೂಳನ್ನೂ ಒಂದೇ ಮೈಮೇಲೆ ಹೊತ್ತವರು ನಮ್ಮಲ್ಲಿ ಬಹಳ ಮಂದಿ ಇಲ್ಲ.

1941ರಲ್ಲಿ, ಇಪ್ಪತ್ತಾರು ವರ್ಷ ವಯಸ್ಸಿನಲ್ಲಿ, ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, 144 ಮಂದಿ ಸದಸ್ಯರೊಡನೆ ಆರಂಭವಾದ ಈ ಸಭೆಯ ವಿಷಯವಾಗಿ ನಮ್ಮ ಹಿರಿಯರು ಬಹಳ ಅಭಿಮಾನದಿಂದ ಮಾತನಾಡುತ್ತಿದ್ದರು. ಅಭಿಮಾನಕ್ಕೆ ಕಾರಣವೂ ಇತ್ತು. ಆದರೆ ಅಲ್ಲಿ ನಡೆಯುತ್ತಿದ್ದುದು ಮುಖ್ಯವಾಗಿ ಅಹವಾಲು. ಹೋಬಳಿಗೆ ಬಾವಿ ಬೇಕು, ನಾಲೆಯ ನೀರು ತುದಿಗೆ ಮುಟ್ಟುವುದಿಲ್ಲ, ಡಿಸ್ಪೆನ್ಸರಿಯಲ್ಲಿ ಔಷಧ ಮುಗಿದಿದೆ, ಕಾಡಾನೆ ಪೈರು ತಿಂದಿತು ಎಂದು ಸದಸ್ಯರು ಬಿನ್ನೈಸುವುದು. ದಿವಾನರು ಪರಿಶೀಲಿಸುತ್ತೇವೆಂದು ಅಪ್ಪಣೆ ಕೊಡಿಸುವುದು. ಮತ ಹಾಕುವ ಹಕ್ಕು ಆಸ್ತಿಯುಳ್ಳವರಿಗೆ, ಕಂದಾಯ ಕೊಡುವವರಿಗೆ, ಓದಿದವರಿಗೆ. ಹೆಗ್ಗಡದೇವನಕೋಟೆಯ ಕಾಡಿನ ಜೇನುಕುರುಬನಿಗೆ ಅಂಥ ಒಂದು ಸಭೆ ಉಂಟೆಂಬುದೂ ತಿಳಿದಿರಲಾರದು. ಆದರೂ ಒಬ್ಬ ತರುಣನಿಗೆ ಆ ಸಭೆ ಒಳ್ಳೆಯ ಪಾಠಶಾಲೆಯಾಯಿತೆಂದೇ ನಾವು ಭಾವಿಸುತ್ತೇವೆ. ಸಂಸ್ಥಾನದ ಮೂಲೆಮೂಲೆಗಳಿಂದ ಬಂದವರ ದೂರುಗಳನ್ನು ವರ್ಷಕ್ಕೆ ಎರಡಾವೃತ್ತಿ ಕುಳಿತು ಕೇಳುವುದೆಂದರೆ ನಾಡಿನ ರೋಗಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿದಂತೆ.

ಆ ಕಾಲದ ಮೈಸೂರಿನ ರಾಜಕೀಯವನ್ನು ಒಂದೆರಡು ಮಾತಿನಲ್ಲಿ ನೆನಪಿಗೆ ತರುವುದು ಆವಶ್ಯಕ. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿ, 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಗಿ, ಸರಕಾರದ ಉದ್ಯೋಗಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ದೊರೆಯಬೇಕೆಂಬ ವಾದ ಅಧಿಕೃತವಾಗಿ ಅಂಗೀಕೃತವಾಯಿತು. ಹಿಂದುಳಿದವರಿಗಾಗಿ ಸ್ಥಾನಗಳನ್ನು ಮೀಸಲಿಡುವ ಆಲೋಚನೆ ಇತರ ಎಷ್ಟೋ ಪ್ರಾಂತಗಳಿಗಿಂತ ಮುಂಚೆಯೇ ನಾಲ್ವಡಿ ಕೃಷ್ಣರಾಜ ಒಡೆಯರ ಈ ಸಂಸ್ಥಾನದಲ್ಲಿ ಬೇರು ಬಿಟ್ಟಿತು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳಲ್ಲಿ ವಿದುರಾಶ್ವತ್ಥದ ಗೋಲೀಬಾರು, 1947ರಲ್ಲಿ ಮೈಸೂರು ಚಲೋ. ಆ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಮಂತ್ರಿಮಂಡಲ. ಮಿಲ್ಲರ್ ಸಮಿತಿಯಿಂದ ಲಾಭ ಪಡೆದವರು ಬಹುಮಟ್ಟಿಗೆ ಭೂಮಿಯೂ ಸಂಖ್ಯೆಯೂ ಉಳ್ಳ ಎರಡು ದೊಡ್ಡ ಜನಾಂಗಗಳವರು. ಸ್ವಾತಂತ್ರ್ಯಾನಂತರದ ಕಾಂಗ್ರೆಸ್ಸಿನಲ್ಲಿಯೂ ಅಧಿಕಾರವು ಅವರ ಕೈಯಲ್ಲಿಯೇ ನಿಂತಿತು. ಕುಂಬಾರ, ಮಡಿವಾಳ, ಕ್ಷೌರಿಕ, ಬೆಸ್ತ, ಕುರುಬ, ಈಡಿಗ, ಉಪ್ಪಾರ, ದರ್ಜಿ ಮೊದಲಾದ ನೂರಾರು ಸಣ್ಣ ಜನಾಂಗಗಳು ಚುನಾವಣೆಯಲ್ಲಿ ಮತ ಹಾಕಿ, ಎತ್ತಿನಗಾಡಿಯಲ್ಲಿ ಮನೆಗೆ ಹಿಂದಿರುಗುತ್ತಿದ್ದುವು. ಅಲ್ಲಿಗೆ ಅವರ ರಾಜಕಾರಣ ಮುಗಿಯುತ್ತಿತ್ತು.

1952ರ ಮೊದಲನೆಯ ಮಹಾಚುನಾವಣೆಯಲ್ಲಿ ಹುಣಸೂರು ಅರಸರನ್ನು ಶಾಸನಸಭೆಗೆ ಕಳುಹಿಸಿತು. ಮುಂದೆ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಸಚಿವರಾದರು. ಈ ಇಪ್ಪತ್ತು ವರ್ಷಗಳ ಬಗ್ಗೆ ಹೇಳತಕ್ಕುದು ಹೆಚ್ಚಾಗಿಲ್ಲ. ಸೀಮೆಯಲ್ಲಿ ಮಾತ್ರ ಬದಲಾವಣೆಗಳು ನಡೆಯುತ್ತಿದ್ದುವು. ಡಿ.ಡಿ.ಟಿ. ಸಿಂಪಡಿಸುವ ಮಂದಿ ಮನೆಮನೆಗೂ ಬಂದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಆರಂಭವಾದ ಮೇಲೆ ಚಳಿಜ್ವರದ ಹಿಡಿತ ಸಡಿಲವಾಯಿತು. ಜ್ವರಕ್ಕೆ ಅಂಜಿ ಬಿಟ್ಟಿದ್ದ ನೆಲಗಳು ಸಾಗುವಳಿಗೆ ಬಂದುವು. ಹುಣಸೂರು, ಪಿರಿಯಾಪಟ್ಟಣಗಳ ಹಗುರ ಮಣ್ಣಿನಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬೆಳೆಯತೊಡಗಿತು; ಹೊಲದ ಅಂಚಿನಲ್ಲಿ ಎಲೆ ಬೇಯಿಸುವ ಎತ್ತರದ ಬ್ಯಾರನ್ನುಗಳು ಎದ್ದುವು. 1960ರ ವೇಳೆಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡನ್ನು ಟಿಬೆಟ್ಟಿನ ನಿರಾಶ್ರಿತರಿಗೆಂದು ಸರಕಾರ ಬಿಟ್ಟುಕೊಟ್ಟಿತು. ಹಿಮದ ನಾಡಿನಿಂದ ಬಂದವರು ಮುಸುಕಿನ ಜೋಳ ಬಿತ್ತಿದರು. ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ನೆಲವು ಕೈ ಬದಲಾಯಿಸುತ್ತಲೇ ಇತ್ತು. ನೆಲವು ಯಾರದು ಎಂಬ ಪ್ರಶ್ನೆಯನ್ನು ಪುಸ್ತಕದಿಂದ ಕಲಿಯಬೇಕಾದ ಆವಶ್ಯಕತೆ ಕಲ್ಲಹಳ್ಳಿಯವರಿಗೆ ಇರಲಿಲ್ಲ.

1969ರಲ್ಲಿ ಕಾಂಗ್ರೆಸ್ಸು ಒಡೆಯಿತು. ನಿಜಲಿಂಗಪ್ಪನವರೇ ಒಂದು ಹೋಳಿನ ಅಧ್ಯಕ್ಷರಾಗಿದ್ದುದರಿಂದ ಮೈಸೂರು ರಾಜ್ಯದ ಮುಖಂಡರಲ್ಲಿ ಬಹುಮಂದಿ ಅವರನ್ನು ಹಿಂಬಾಲಿಸಿದರು. ಅಧಿಕಾರ ಯಾವ ಕಡೆ ಇತ್ತೋ ಆ ಕಡೆಯನ್ನು ಬಿಟ್ಟು, ಇಂದಿರಾ ಗಾಂಧಿಯವರ ಕಡೆಗೆ ನಡೆದವರು ಸ್ವಲ್ಪವೇ ಜನ. ಅವರಿಗೆ ಅರಸರು ಮುಂದಾಳು. ಇದನ್ನು ದೂರದೃಷ್ಟಿಯೆನ್ನಬೇಕೋ, ದೊಡ್ಡ ಜನಾಂಗಗಳ ಮುಖಂಡರ ನಡುವೆ ತನಗೆ ಎಂದಿಗೂ ಮೊದಲ ಪಂಕ್ತಿ ದೊರೆಯಲಾರದೆಂದು ತಿಳಿದವನ ಲೆಕ್ಕಾಚಾರವೆನ್ನಬೇಕೋ? ಎರಡೂ ಇದ್ದಿರಬಹುದು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಆ ಪಕ್ಷಕ್ಕೆ ಬಂದುವು. 1972ರ ಶಾಸನಸಭೆಯಲ್ಲಿ 216ರಲ್ಲಿ 165. ಆ ವರ್ಷದ ಮಾರ್ಚ್ 20ರಂದು ಅರಸರು ಮುಖ್ಯಮಂತ್ರಿಗಳಾದರು.

ಟಿಕೇಟುಗಳನ್ನು ಹಂಚುವಾಗಲೇ ಅವರು ತಮ್ಮ ಲೆಕ್ಕವನ್ನು ಹಾಕಿದ್ದರು. ಅದುವರೆಗೆ ಶಾಸನಸಭೆಯ ಬಾಗಿಲನ್ನು ಕಾಣದಿದ್ದ ಜನಾಂಗಗಳಿಂದ ತರುಣರನ್ನು ಆಯ್ದು ನಿಲ್ಲಿಸಿದರು. ಗುಲಬರ್ಗದ ಕಡೆಯ ಮಲ್ಲಿಕಾರ್ಜುನ ಖರ್ಗೆಯವರು ಮೊದಲು ಗೆದ್ದು ಬಂದದ್ದು ಆ 1972ರಲ್ಲಿಯೇ. ಮುಂದೆ ಮುಖ್ಯಮಂತ್ರಿಗಳಾದ ವೀರಪ್ಪ ಮೊಯಿಲಿಯವರು ಮಂತ್ರಿಪದವಿಯನ್ನು ಮೊದಲು ಕಂಡದ್ದು ಅರಸರ ಸಂಪುಟದಲ್ಲಿ. ಒಬ್ಬೊಬ್ಬರದೂ ಹಿಡಿಯಷ್ಟು ಜನ. ಆ ಹಿಡಿಗಳನ್ನೆಲ್ಲ ಒಟ್ಟುಗೂಡಿಸಿದರೆ ಕಣಜ ತುಂಬುತ್ತದೆಂಬುದು ಬೇಸಾಯಗಾರನ ಲೆಕ್ಕ. ಸಣ್ಣ ಜನಾಂಗದವನು ಹೇಗೆ ರಾಜ್ಯವಾಳಿದನೆಂದು ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಆತನ ಜನಾಂಗವು ಯಾರಿಗೂ ಅಂಜಿಕೆ ಹುಟ್ಟಿಸುವಷ್ಟು ದೊಡ್ಡದಾಗಿರಲಿಲ್ಲ. ಆದ್ದರಿಂದಲೇ ಎಲ್ಲ ಸಣ್ಣವರೂ ಆತನನ್ನು ತಮ್ಮವನೆಂದರು.

1972ರ ಆಗಸ್ಟಿನಲ್ಲಿ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. ಆಯೋಗದವರು ಮೂರು ವರ್ಷ ಊರೂರು ತಿರುಗಿ, ಮನೆಗಳನ್ನು ಎಣಿಸಿ, ಶಾಲೆಯ ಹಾಜರಿ ಪುಸ್ತಕಗಳನ್ನು ನೋಡಿ, 1975ರ ನವೆಂಬರಿನಲ್ಲಿ ವರದಿಯನ್ನು ಒಪ್ಪಿಸಿದರು. 1977ರ ಫೆಬ್ರವರಿಯಲ್ಲಿ ಹೊರಟ ಸರಕಾರಿ ಆಜ್ಞೆಯು ಹಿಂದುಳಿದ ಸಮುದಾಯಗಳಿಗೆ ನೂರಕ್ಕೆ 20, ಹಿಂದುಳಿದ ಜಾತಿಗಳಿಗೆ 10, ಹಿಂದುಳಿದ ಬುಡಕಟ್ಟುಗಳಿಗೆ 5, ಜಾತಿಯನ್ನೆಣಿಸದೆ ಬಡತನವನ್ನೇ ನೋಡುವ ವಿಶೇಷ ಗುಂಪಿಗೆ 5, ಹೀಗೆ ಒಟ್ಟು 40 ಸ್ಥಾನಗಳನ್ನು ಇಟ್ಟಿತು. ವರದಿಯು ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟಿದ್ದರಿಂದ ದೊಡ್ಡ ಕೋಲಾಹಲವೇ ಎದ್ದಿತು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆ ವಾದ ನಮ್ಮ ಕಾಲದಲ್ಲಿಯೂ ಮುಗಿದಿಲ್ಲವಾದ್ದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಇನ್ನು ಭೂಸುಧಾರಣೆ. ಇದನ್ನು ಕುರಿತು ಪೇಟೆಯ ಜನ ಎರಡು ಬಗೆಯಾಗಿ ಮಾತನಾಡುತ್ತಾರೆ. ಕೆಲವರು ಕಣ್ಣಲ್ಲಿ ನೀರು ತಂದುಕೊಂಡು ಹೊಗಳುತ್ತಾರೆ, ಕೆಲವರು ಅಜ್ಜನ ಕಾಲದ ಗದ್ದೆ ಹೋಯಿತೆಂದು ಹಲ್ಲು ಕಡಿಯುತ್ತಾರೆ. ಕಾಯಿದೆಯೇನನ್ನು ಹೇಳಿತೆಂಬುದನ್ನು ಎರಡು ಪಕ್ಷದವರೂ ವಿವರವಾಗಿ ಹೇಳುವುದು ಅಪೂರ್ವ. 1961ರ ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತ್ತು. ಅದರಲ್ಲಿ ಭೂಮಾಲಿಕನು ಸ್ವಂತ ಸಾಗುವಳಿಗೆಂದು ನೆಲವನ್ನು ಹಿಂದಕ್ಕೆ ಪಡೆಯಲು ಬಾಗಿಲು ತೆರೆದಿದ್ದಿತು. ಗೇಣಿದಾರನು ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕಾಗಿತ್ತು. ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಆ ದಿನ ಗೇಣಿಯಲ್ಲಿದ್ದ ನೆಲವೆಲ್ಲ ಒಂದೇ ಏಟಿಗೆ ಸರಕಾರದ ವಶವಾಯಿತು. ಸೈನಿಕನಂಥ ಕೆಲವರಿಗೆ ಮಾತ್ರ ರಿಯಾಯಿತಿ. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿಕೊಳ್ಳತಕ್ಕದ್ದು. ಅರ್ಜಿಯನ್ನು ವಿಚಾರಿಸುವುದಕ್ಕೆ ತಾಲ್ಲೂಕಿಗೊಂದು ನ್ಯಾಯಮಂಡಲಿ: ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು, ಆ ನಾಲ್ವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮಂಡಲಿಯ ಮುಂದೆ ವಕೀಲರು ನಿಲ್ಲುವಂತಿಲ್ಲ. ಅದರ ತೀರ್ಪಿನ ಮೇಲೆ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ಹೈಕೋರ್ಟಿನಲ್ಲಿ ರಿಟ್ ಅರ್ಜಿಯೊಂದೇ ದಾರಿ.

ವಕೀಲರನ್ನು ಹೊರಗಿಟ್ಟ ಆ ಒಂದು ವಾಕ್ಯದಲ್ಲಿ ಹಳ್ಳಿಯನ್ನು ಬಲ್ಲವನ ಕೈ ಕಾಣುತ್ತದೆ. ಗೇಣಿದಾರನ ಹತ್ತಿರ ಕಾಗದವಿರುವುದಿಲ್ಲ. ಬಾಯಿಮಾತಿನ ಗೇಣಿ, ಪಹಣಿಯಲ್ಲಿ ಹೆಸರಿಲ್ಲ. ಆದರೆ ಆ ಗದ್ದೆಯನ್ನು ಯಾರು ಉಳುತ್ತಾರೆಂದು ಊರಿನಲ್ಲಿ ಕೇಳಿದರೆ ಹಸುಗೂಸೂ ಹೇಳುತ್ತದೆ. ಕಾಗದವನ್ನು ಕೇಳುವ ಕೋರ್ಟನ್ನು ಬಿಟ್ಟು ಊರನ್ನು ಕೇಳುವ ಮಂಡಲಿಯನ್ನು ಮಾಡಿದ್ದೇ ಈ ಕಾಯಿದೆಯ ಜೀವ. ಅದರಲ್ಲಿ ದೋಷಗಳಿಲ್ಲದೆ ಇರಲಿಲ್ಲ. ಸದಸ್ಯರು ಆಳುವ ಪಕ್ಷದವರಾಗಿರುತ್ತಿದ್ದರು, ಅಳತೆ ತಪ್ಪಿದ ತೀರ್ಪುಗಳು ಬಂದುವು, ಒಬ್ಬ ವಿಧವೆ ನಂಬಿ ಗೇಣಿಗೆ ಕೊಟ್ಟಿದ್ದ ಎರಡೆಕರೆಯೂ ನೂರೆಕರೆಯವನ ನೆಲದಂತೆಯೇ ಹೋಯಿತು. ಈ ಕಡೆಯ ಮಾತನ್ನು ನಾವು ಲಘುವಾಗಿ ಹೇಳುತ್ತಿಲ್ಲ. ಅಂಥ ಮನೆಗಳಲ್ಲಿ ಹಸಿವು ಹೊಸದಾಗಿ ಹೊಕ್ಕಿತು. ಆದರೂ ಅರ್ಜಿಗಳು ಎಂಟು ಲಕ್ಷವನ್ನು ಮೀರಿದುವು. ಅರ್ಧಕ್ಕೂ ಮೇಲ್ಪಟ್ಟು ಉಳುವವರ ಪಾಲಿಗೆ ತೀರ್ಮಾನವಾದುವು. ಇಷ್ಟು ದೊಡ್ಡ ಕೈಬದಲು ರಕ್ತಪಾತವಿಲ್ಲದೆ ನಡೆದ ನಿದರ್ಶನಗಳು ಹಿಂದೂದೇಶದಲ್ಲಿ ಕೇರಳ, ಪಶ್ಚಿಮ ಬಂಗಾಳಗಳನ್ನು ಬಿಟ್ಟರೆ ವಿರಳ.

ಇಲ್ಲಿ ಒಂದು ವಿಚಿತ್ರವನ್ನು ಶ್ರೋತೃಗಳು ಗಮನಿಸಬೇಕೆಂದು ನಮ್ಮ ಕೋರಿಕೆ. ಈ ಕಾಯಿದೆಯಿಂದ ಹೆಚ್ಚು ಪ್ರಯೋಜನ ಹೊಂದಿದವರು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆಯವರು. ಅಲ್ಲಿ ಮೂಲಗೇಣಿ, ಚಾಲಗೇಣಿಗಳ ಹಿಡಿತ ಬಲವಾಗಿತ್ತು. ಮುಖ್ಯಮಂತ್ರಿಯ ಸ್ವಂತ ಸೀಮೆಗೆ ದೊರೆತದ್ದು ಕಡಮೆ. ಹಳೆಯ ಮೈಸೂರಿನಲ್ಲಿ ರೈತವಾರಿ ಬಂದೋಬಸ್ತು ಇದ್ದುದರಿಂದ ಬೇಸಾಯಗಾರರಲ್ಲಿ ಬಹುಮಂದಿ ತಮ್ಮ ಎರಡು ಮೂರು ಎಕರೆಗೆ ತಾವೇ ಒಡೆಯರು; ಇನಾಮು ನೆಲಗಳು 1954ರ ಇನಾಮು ರದ್ದತಿ ಕಾಯಿದೆಯಿಂದ ಆಗಲೇ ಕರಗಿದ್ದುವು. ಹುಣಸೂರು, ಕೃಷ್ಣರಾಜನಗರಗಳಲ್ಲಿ ಬಡವನೆಂದರೆ ಗೇಣಿದಾರನಲ್ಲ, ಗೇಣಿಗೂ ನೆಲವಿಲ್ಲದ ಕೂಲಿಯವನು, ಜೀತದಾಳು. ಅವನಿಗೆ ನಮೂನೆ 7ರಿಂದ ಏನೂ ಆಗುವಂತಿರಲಿಲ್ಲ. ಅವನ ಪಾಲಿಗೆ ಬಂದುವು ಬೇರೆ ಕ್ರಮಗಳು: 1976ರ ಋಣ ಪರಿಹಾರ ಕಾಯಿದೆ, ಜೀತವಿಮುಕ್ತಿ, ಮನೆ ಕಟ್ಟಿಕೊಳ್ಳಲು ನಿವೇಶನ. ಗಿರವಿ ಅಂಗಡಿಗಳಿಂದ ಚೊಂಬು, ಕಡಗಗಳು ಹಿಂದಿರುಗಿದುವು. ಸಾಲ ಕೊಡುವವನೂ ಅಂದಿನಿಂದ ಹುಷಾರಾದನು. ಮುಂದಿನ ಮಳೆಗಾಲದಲ್ಲಿ ಬಿತ್ತನೆಗೆ ಕೈಗಡ ಹುಟ್ಟಲಿಲ್ಲವೆಂಬ ದೂರು ಊರೂರಿನಲ್ಲಿಯೂ ಕೇಳಿಬಂತು.

ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಹಿಂದೆ ಎಷ್ಟು ಮಂದಿ ಆರೋಗ್ಯಾಧಿಕಾರಿಗಳು ಪುರಸಭೆಗಳಿಗೆ ಚರಂಡಿಯ ವಿಷಯವಾಗಿ ವರದಿ ಬರೆದಿರಲಿಲ್ಲ! ಆ ವರದಿಗಳಲ್ಲಿ ಬುಟ್ಟಿಯ ಅಳತೆ ಇತ್ತು. ಬುಟ್ಟಿ ಹೊತ್ತವನ ತಲೆ ಇರಲಿಲ್ಲ. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವಿದೆಯೆಂಬರ್ಥದ ಮಾತನಾಡಲು, ನಾಡೆಲ್ಲ ಗಲಭೆಯೆದ್ದಿತು. ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಅರಸರು ಆಗ ಅವರ ಬೆನ್ನಿಗೆ ನಿಲ್ಲಲಿಲ್ಲ. ರಾಜಕಾರಣದಲ್ಲಿ ಒಬ್ಬನನ್ನು ಕಳೆದುಕೊಂಡು ನೂರು ಮಂದಿಯನ್ನು ಉಳಿಸಿಕೊಳ್ಳುವ ಉಪಾಯ ಅದೆಂದು ಸಮರ್ಥಿಸುವವರುಂಟು. ನಮಗೆ ಆ ಸಮರ್ಥನೆ ರುಚಿಸುವುದಿಲ್ಲ. ಗಲಭೆಯ ಕಿಚ್ಚಿನಿಂದ ಹುಟ್ಟಿದ ದಲಿತ ಬರೆವಣಿಗೆಯೂ ಚಳವಳಿಯೂ ಆಮೇಲೆ ಕನ್ನಡ ಸಾಹಿತ್ಯದ ದಿಕ್ಕನ್ನೇ ತಿರುಗಿಸಿದುವೆಂಬುದು ಬೇರೆ ಮಾತು.

ಆ ತಿಂಗಳ ಆರಂಭದಲ್ಲಿಯೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತ್ತು. ಮೈಸೂರು ಎಂಬ ಹೆಸರಿನ ಅರಮನೆಗೆ ಬಾಂಧವನಾದವನ ಕೈಯಿಂದಲೇ ಆ ಹೆಸರು ಬದಲಾಗಬೇಕಾಯಿತು. ಹುಬ್ಬಳ್ಳಿ, ಧಾರವಾಡಗಳಲ್ಲಿ ದೀಪ ಹಚ್ಚಿದರು. ನಮ್ಮ ಮೈಸೂರಿನ ಹಳೆಯ ಮನೆಗಳಲ್ಲಿ ಕೆಲವರು ಮೌನವಾಗಿದ್ದರು.

ಬೆಳಕಿನ ಜೊತೆಗೆ ನೆರಳನ್ನೂ ಹೇಳಬೇಕು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಈ ರಾಜ್ಯದ ಸೆರೆಮನೆಗಳೂ ತುಂಬಿದುವು. ಬೆಂಗಳೂರಿನ ಸೆರೆಯಲ್ಲಿ ತಿಂಗಳುಗಟ್ಟಲೆ ನರಳಿದ ನಟಿ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಸ್ವಲ್ಪ ದಿನಗಳಲ್ಲಿ, 1977ರ ಜನವರಿಯಲ್ಲಿ, ಪ್ರಾಣಬಿಟ್ಟರು. ಆಗ ರಾಜ್ಯದ ಅಧಿಕಾರ ಅರಸರ ಕೈಯಲ್ಲಿತ್ತು. ಕೇಂದ್ರದಲ್ಲಿ ಜನತಾ ಸರಕಾರ ಬಂದ ಮೇಲೆ ನ್ಯಾಯಮೂರ್ತಿ ಎ. ಎನ್. ಗ್ರೋವರರ ಆಯೋಗ ಅವರ ಮೇಲಣ ಆರೋಪಗಳನ್ನು ವಿಚಾರಿಸಿ, ಕೆಲವು ಸ್ಥಾಪಿತವಾದುವೆಂದು ಹೇಳಿತು. ಸಣ್ಣ ಜನರನ್ನು ಒಟ್ಟುಗೂಡಿಸುವ ರಾಜಕಾರಣಕ್ಕೆ ಹಣ ಬೇಕು. ದೊಡ್ಡವರು ಆ ಹಣವನ್ನು ಬಿಟ್ಟಿ ಕೊಡುವುದಿಲ್ಲ. ಈ ಬಿಕ್ಕಟ್ಟಿನಿಂದ ಅವರು ಕೈ ತೊಳೆದುಕೊಂಡು ಹೊರಬಂದರೆಂದು ನಾವು ಹೇಳಲಾರೆವು.

1977ರ ಡಿಸೆಂಬರ್ 31ರಂದು ಅವರ ಮೊದಲ ಮಂತ್ರಿಮಂಡಲ ಕೊನೆಗೊಂಡಿತು. ಎರಡು ತಿಂಗಳಲ್ಲಿ ಚುನಾವಣೆ ನಡೆದು, 224ರಲ್ಲಿ 149 ಸ್ಥಾನಗಳೊಡನೆ ಅವರೇ ಹಿಂದಿರುಗಿದರು. ಉತ್ತರದಲ್ಲಿ ನೆಲಕಚ್ಚಿದ್ದ ಇಂದಿರಾ ಗಾಂಧಿಯವರಿಗೆ 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಲೋಕಸಭೆಯ ಬಾಗಿಲನ್ನು ತೆರೆದುಕೊಟ್ಟವರೂ ಅವರೇ. ಏಳು ತಿಂಗಳಲ್ಲಿ ಇಬ್ಬರಿಗೂ ಮನಸ್ಸು ಮುರಿಯಿತು. 1979ರಲ್ಲಿ ಅರಸರನ್ನು ಪಕ್ಷದಿಂದ ಹೊರಹಾಕಿದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಅವರ ಪಾಲಾದುವು. ಫಲಿತಾಂಶ ಹೊರಬಿದ್ದ ದಿನಗಳಲ್ಲಿಯೇ ಶಾಸಕರು ಗುಂಪುಗುಂಪಾಗಿ ಆ ಕಡೆಗೆ ನಡೆದರು. ಅವರಲ್ಲಿ ಎಷ್ಟೋ ಮಂದಿಯನ್ನು ಹಳ್ಳಿಯಿಂದ ಹುಡುಕಿ ತಂದು ಟಿಕೇಟು ಕೊಟ್ಟವರು ಅರಸರೇ. ಅವರು ರಾಜೀನಾಮೆ ಕೊಟ್ಟರು, ಗುಂಡೂರಾಯರು ಮುಖ್ಯಮಂತ್ರಿಗಳಾದರು. 1982ರಲ್ಲಿ ಕರ್ನಾಟಕ ಕ್ರಾಂತಿರಂಗವೆಂಬ ಹೊಸ ಪಕ್ಷವನ್ನು ಕಟ್ಟಹೊರಟು, ಅದು ಕಾಲೂರುವ ಮೊದಲೇ, ಆ ವರ್ಷದ ಜೂನ್ 6ರಂದು ಅವರು ತೀರಿಕೊಂಡರು. ಅರವತ್ತಾರು ವರ್ಷ ವಯಸ್ಸು. ಮುಂದಿನ ಜನವರಿಯ ಚುನಾವಣೆಯಲ್ಲಿ ಜನತಾ ಪಕ್ಷವೂ ಕ್ರಾಂತಿರಂಗವೂ ಕೂಡಿ ಗೆದ್ದುವು. ರಾಮಕೃಷ್ಣ ಹೆಗಡೆಯವರು ಅಧಿಕಾರಕ್ಕೆ ಬಂದರು.

ಆ ಕಥೆ ಅಲ್ಲಿಗೆ ನಿಂತರೂ ಸೀಮೆಯದು ನಿಲ್ಲುವುದಿಲ್ಲ. ಉಳುವವನಿಗೆ ನೆಲ ಕೊಟ್ಟ ವರ್ಷವಾದ 1974ರಲ್ಲಿಯೇ ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಕಪಿಲೆಗೆ ಕಟ್ಟುತ್ತಿದ್ದ ಅಣೆಕಟ್ಟು ಮುಗಿಯಿತು. ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆಯ ಕಾಡಿನಲ್ಲಿ ಬಹುಭಾಗ ನೀರಿನೊಳಗೆ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಉಳಿದ ಕಾಡಿಗೂ ಬೇಲಿ ಬಂದಿತು. ಜೇನುಕುರುಬರು, ಕಾಡುಕುರುಬರು ಹಾಡಿಗಳನ್ನು ಬಿಟ್ಟು ಕಾಡಿನ ಅಂಚಿಗೆ ಬಂದರು. ಅವರು ಉಳುವವರಲ್ಲ, ಜೇನು ಕೀಳುವವರು, ಗೆಡ್ಡೆ ಅಗೆಯುವವರು. ಯಾರಿಗೂ ಗೇಣಿ ಕೊಟ್ಟವರಲ್ಲವಾದ್ದರಿಂದ ನಮೂನೆ 7 ಅವರ ಕೈಗೆ ಬರಲಿಲ್ಲ. ನೆಲದ ಹಸಿವನ್ನು ಅಷ್ಟು ಚೆನ್ನಾಗಿ ಬಲ್ಲವನ ಆಳ್ವಿಕೆಯಲ್ಲಿ, ಆತನ ಮನೆಯಿಂದ ಒಂದು ಹಗಲಿನ ದಾರಿಯಲ್ಲಿ, ಇದು ನಡೆದುಹೋಯಿತು. ಗದ್ದೆಯನ್ನು ಕಂಡ ಕಣ್ಣಿಗೆ ಕಾಡು ಕಾಣಲಿಲ್ಲ.

ಆ ಹಾಡಿಗಳಿಗೆ ಮುಂದೆ ಹೋದವರು ಡಾಕ್ಟರುಗಳು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಸಂಗಡಿಗರು ವಿವೇಕಾನಂದರ ಹೆಸರಿನಲ್ಲಿ ಒಂದು ತರುಣರ ಸಂಸ್ಥೆಯನ್ನು ಕಟ್ಟಿ, ಆ ದಶಕ ಮುಗಿಯುವುದರೊಳಗೆ ಬ್ರಹ್ಮಗಿರಿ ಹಾಡಿಯಲ್ಲಿ ಚಿಕಿತ್ಸೆಗೆ ಕುಳಿತರು; ತರುವಾಯ ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳೆದ್ದುವು. ಮದ್ದು ಕೊಡಹೋದವರು ಸ್ವಲ್ಪ ಕಾಲದಲ್ಲಿಯೇ ಶಾಲೆ ತೆರೆಯಬೇಕಾಯಿತು, ಪಡಿತರದ ಲೆಕ್ಕ ಕೇಳಬೇಕಾಯಿತು, ಪುನರ್ವಸತಿಗೆ ಕಚೇರಿಗಳನ್ನು ಅಲೆಯಬೇಕಾಯಿತು. 2006ರಲ್ಲಿ ಅರಣ್ಯ ಹಕ್ಕುಗಳ ಕಾಯಿದೆ ಬಂದಿತು. ಹಾಡಿಯ ಜನ ಗ್ರಾಮಸಭೆಯಲ್ಲಿ ಕುಳಿತು, ತಮ್ಮ ಹಿರಿಯರ ಗುಡಿ ಎಲ್ಲಿತ್ತು, ಸಮಾಧಿ ಎಲ್ಲಿದೆ, ಯಾವ ಮರದಲ್ಲಿ ಜೇನು ಕಟ್ಟುತ್ತಿತ್ತೆಂದು ಹೇಳಿ ಬರೆಯಿಸಿ, ಅರ್ಜಿಯ ಕೆಳಗೆ ಹೆಬ್ಬೆಟ್ಟನ್ನು ಒತ್ತಿದರು. ಅವುಗಳಲ್ಲಿ ಅನೇಕ ಅರ್ಜಿಗಳು ಸಾಕ್ಷ್ಯಕ್ಕೆ ಕಾಗದವಿಲ್ಲವೆಂಬ ಕಾರಣದಿಂದ ಹಿಂದಿರುಗಿ ಬಂದುವು.